ನಿದ್ದೆ ತರಿಸುವ ಪುಟಗಳು

"ಅಕ್ಕಾ, ಆದಿಕಾಂಡ ಕಥೆಯ ಹಾಗೆ ಓಡಿತು. ಯಾಜಕಕಾಂಡಕ್ಕೆ ಬಂದ ಮೇಲೆ ಪುಟ ತಿರುವೋದೇ ಕಷ್ಟ ಆಗಿದೆ. ಅತ್ತೆಗೆ ಕಣ್ಣು ಮಂಜು, ದಿನಾ ರಾತ್ರಿ ನಾನೇ ಬೈಬಲ್ ಓದಿ ಹೇಳಬೇಕು. ಅವರು ಗೊರಕೆ ಹೊಡೀತಾರೆ, ನಾನು ಆಕಳಿಸ್ತೀನಿ. ಇದು ಪಾಪವೇ?" ಎಂದು ಹರಿಹರದಿಂದ ಸೋದರಿಯೊಬ್ಬರು ಬರೆದಿದ್ದಾರೆ.

ಪಾಪವೇನೂ ಅಲ್ಲ ಬಿಡಮ್ಮ. ದಾವಣಗೆರೆಯ ನಮ್ಮ ಮನೆಯಲ್ಲೂ ಜನವರಿ ಒಂದಕ್ಕೆ ಹುರುಪಿನಿಂದ ಶುರುವಾದ ಓದು ಶಿವರಾತ್ರಿ ಹೊತ್ತಿಗೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಆಮೇಲೆ ನಾನೊಂದು ಉಪಾಯ ಮಾಡಿದೆ. ಪಾದ್ರಿಗಳ ಕಣ್ಣಿನಿಂದ ಓದುವುದು ಬಿಟ್ಟು ಅಡಿಗೆಮನೆಯವಳ ಕಣ್ಣಿನಿಂದ ಓದಿದೆ. ಎರಡನೇ ಅಧ್ಯಾಯ ನೋಡಿ. ನಯವಾದ ಹಿಟ್ಟು, ಎಣ್ಣೆ. ಒಲೆಯಲ್ಲಿ ಸುಟ್ಟದ್ದು, ಹಂಚಿನ ಮೇಲೆ ಬೇಯಿಸಿದ್ದು, ಬಾಣಲೆಯಲ್ಲಿ ಮಾಡಿದ್ದು. ಹುಳಿ ಹಿಟ್ಟು, ಜೇನು ಹೋಮಕ್ಕೆ ಕೂಡದು. ಉಪ್ಪು ಮಾತ್ರ ತಪ್ಪಕೂಡದು. ಬೆಣ್ಣೆ ದೋಸೆಯ ಊರಿನವರಿಗೆ ಹಿಟ್ಟು ಹುಳಿ ಬರೋದು ಅಂದ್ರೇನು ಅಂತ ಬೇರೆ ಹೇಳಬೇಕೇ?

12ನೇ ಅಧ್ಯಾಯದಲ್ಲಿ ಬಾಣಂತಿ ಒಪ್ಪಿಸಬೇಕಾದ ಕಾಣಿಕೆಯ ಲೆಕ್ಕ ಬರುತ್ತದೆ. ಕುರಿಮರಿ ತರಲು ಕೈಲಾಗದವಳು ಎರಡು ಬೆಳವಕ್ಕಿಯನ್ನೋ ಪಾರಿವಾಳದ ಮರಿಯನ್ನೋ ತಂದರೆ ಸಾಕು. ನಾವು ಸರಸರನೆ ದಾಟಿಬಿಡುವ ಮಾತು. ಆದರೆ ಲೂಕನ ಎರಡನೇ ಅಧ್ಯಾಯದಲ್ಲಿ ಮರಿಯಮ್ಮ ಕೂಸನ್ನೆತ್ತಿಕೊಂಡು ದೇವಾಲಯಕ್ಕೆ ಬಂದಾಗ ಹೇಳಿರುವುದು ಆ ಜೋಡಿ ಹಕ್ಕಿಗಳನ್ನೇ. ಸೆಪ್ಟೆಂಬರ್ 8ರ ಹಬ್ಬಕ್ಕೆ ನಿಮ್ಮೂರ ಆರೋಗ್ಯ ಮಾತೆಯ ಸನ್ನಿಧಿಗೆ ಜಾತಿಮತ ಎನ್ನದೆ ಜನ ಬರುತ್ತಾರಲ್ಲ, ಆ ಗದ್ದಲದಲ್ಲಿ ನಿಂತಾಗ ಬಡವರ ಆ ಎರಡು ಹಕ್ಕಿ ನನಗೆ ನೆನಪಾಗುತ್ತವೆ.

ಇನ್ನು ಅರಣ್ಯಕಾಂಡದ 26ನೇ ಅಧ್ಯಾಯ ಬರೀ ಜನಗಣತಿ. ಇಪ್ಪತ್ತು ತುಂಬಿದ, ಯುದ್ಧಕ್ಕೆ ಹೋಗಬಲ್ಲ ಗಂಡಸರು ಮಾತ್ರ, ಒಟ್ಟು 6,01,730. ಇಷ್ಟು ಗಂಡಸರ ಲೆಕ್ಕದ ನಡುವೆ ಥಟ್ಟನೆ ಐದು ಹೆಣ್ಣು ಹೆಸರು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಚಲ್ಪಹಾದ ಎಂಬುವನ ಮಕ್ಕಳು. ಯಾಕೆ ಬಂದವು ಎಂದು ಮುಂದಿನ ಅಧ್ಯಾಯದಲ್ಲಿ ತಿಳಿಯುತ್ತದೆ. ಅಪ್ಪ ಸತ್ತ, ಅಣ್ಣತಮ್ಮಂದಿರಿಲ್ಲ. ಐವರೂ ಮೋಶೆಯ ಮುಂದೆ, ಯಾಜಕನ ಮುಂದೆ, ಸರ್ವ ಸಮೂಹದ ಮುಂದೆ ನಿಂತು ನಮ್ಮ ಪಾಲು ನಮಗೆ ಕೊಡಿ ಎಂದರು. ಅವರ ಮಾತು ನ್ಯಾಯವಾದದ್ದೆಂದು ದೇವರೇ ತೀರ್ಪು ಕೊಟ್ಟ! ಕಡೆಯ ಅಧ್ಯಾಯದಲ್ಲಿ, ಸ್ವಂತ ಕುಲದೊಳಗೇ ಮದುವೆಯಾಗಬೇಕು ಎಂಬ ಷರತ್ತು ಸೇರುತ್ತದೆ. ಅದು ನನಗೆ ಹಿಡಿಸಲಿಲ್ಲ, ಇರಲಿ.

ಇದನ್ನು ನಾನು ಓದಿದ್ದು ತಡವಾಗಿ. ಅಪ್ಪ ವಿಲ್ ಬರೆಯದೆ ತೀರಿಕೊಂಡ ವರ್ಷ ಮನೆಗೆ ಒಂದು ಕಾಗದ ಬಂತು. ಸಣ್ಣ ಅಕ್ಷರ, ಎಂಟು ಪುಟ. "ಬರೀ ಬೇಜಾರಿನ ಕಾಗದ, ಸಹಿ ಮಾಡು ಸಾಕು" ಎಂದರು. ಮಾಡಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಲ್ ಇಲ್ಲದ ಕ್ರೈಸ್ತ ತಂದೆಯ ಆಸ್ತಿಗೆ ಮಗಳೂ ಮಗನಷ್ಟೇ ಹಕ್ಕುದಾರಳೆಂದು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಅದಕ್ಕೇ ಹೇಳ್ತೀನಿ ತಂಗಿ, ದಿನಕ್ಕೆ ಅರ್ಧ ಅಧ್ಯಾಯ ಸಾಕು. ಊಟಕ್ಕೆ ಮುಂಚೆ ಓದಿ, ಹೊಟ್ಟೆ ತುಂಬಿದ ಮೇಲೆ ಬೇಡ. ಹೆಸರಿನ ಪಟ್ಟಿ ಬಂದರೆ ಬೆರಳಿಟ್ಟು ಓದಿ, ಹೆಣ್ಣಿನ ಹೆಸರು ಕಂಡಲ್ಲಿ ನಿಲ್ಲಿ. ಅತ್ತೆ ಮಲಗಿದ್ದರೆ ಮಲಗಲಿ. ಚಲ್ಪಹಾದನ ಮಕ್ಕಳು ಬಂದಾಗ ಮಾತ್ರ ಎಬ್ಬಿಸಿ.