ಉಮ್ಮನನ್ನು ಕೂರಿಸಬೇಡಿ

ಎಪ್ಪತ್ತಾಯಿತೆಂದು ಉಮ್ಮನ ಕೈಯಿಂದ ನಾವು ಎಲ್ಲ ಕೆಲಸ ಕಿತ್ತುಕೊಂಡೆವು. ಮೀನು ತರುವುದು ತಮ್ಮ, ಲೆಕ್ಕ ನಾನು. ಅದೇ ಗೌರವವೆಂದುಕೊಂಡಿದ್ದೆವು. ನಿಮ್ಮ ಮನೆಯಲ್ಲೂ ಹೀಗೇ ಅಲ್ಲವೇ? ಎರಡು ವರ್ಷದಲ್ಲಿ ಮೊಮ್ಮಕ್ಕಳ ಹೆಸರಿಗೇ ತಡವರಿಸತೊಡಗಿದರು. ಕೂತದ್ದೇ ಕಾರಣವೆನ್ನಲಾರೆ.

ಆದರೆ 2015ರಲ್ಲಿ ಪ್ರಕಟವಾದ ಫಿನ್ಲೆಂಡಿನ ‘ಫಿಂಗರ್’ ಅಧ್ಯಯನ ನನ್ನನ್ನು ಚುಚ್ಚಿತು. ಮರೆವಿನ ಕಾಯಿಲೆಯ ಅಪಾಯವಿದ್ದ, 60ರಿಂದ 77 ವಯಸ್ಸಿನ 1,260 ಮಂದಿ. ಅರ್ಧದಷ್ಟು ಜನರಿಗೆ ಎರಡು ವರ್ಷ ವ್ಯಾಯಾಮ, ಮಿದುಳಿನ ತರಬೇತಿ, ಹಿತವಾದ ಊಟ, ಬಿಪಿಯ ಮೇಲೆ ನಿಗಾ, ಎಲ್ಲ ಒಟ್ಟಿಗೆ. ಬರೀ ಸಲಹೆ ಪಡೆದವರಿಗಿಂತ ಇವರ ಬುದ್ಧಿಶಕ್ತಿ ಹೆಚ್ಚು ಸುಧಾರಿಸಿತು. ವ್ಯತ್ಯಾಸ ದೊಡ್ಡದಲ್ಲ, ಆದರೂ ಇತ್ತು.

ಮೀನು ಮಾರ್ಕೆಟ್ಟು ಆ ತರಬೇತಿಗೆ ಸಮವಲ್ಲ, ಗೊತ್ತು. ಆದರೂ ಉಮ್ಮ ನಡೆದು ಹೋಗಲಿ, ಬೂತಾಯಿಗೆ ಚೌಕಾಸಿ ಮಾಡಲಿ, ಚಿಲ್ಲರೆ ಎಣಿಸಲಿ. ಪರ್ಸು ಮತ್ತೆ ಅವರ ಕೈಗೆ ಕೊಟ್ಟಿದ್ದೇವೆ. ನಿನ್ನೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಬಂದರು. ತಮ್ಮ ರೇಗಿದ; ನಾನು ಅವನನ್ನು ಸುಮ್ಮನಿರಿಸಿದೆ.