ಹೊಸ ವಿದ್ಯಾರ್ಥಿಗಳಿಗೆಲ್ಲ ಒಂದೇ ಪುಸ್ತಕ: ಕೊಡಗಿನಲ್ಲಿ ಸಾಧ್ಯವೇ?

ಮಡಿಕೇರಿ: ವಿಷಯ ಯಾವುದೇ ಇರಲಿ, ಹೊಸದಾಗಿ ಸೇರಿದವರೆಲ್ಲರೂ ಒಂದೇ ಪುಸ್ತಕ ಓದಿ ಚರ್ಚಿಸುವ ಪದ್ಧತಿ ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿದೆ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು ಪದವಿ ತರಗತಿಯ ಕನ್ನಡ ಪಠ್ಯ. ಅದನ್ನು ಓದುವುದು ಮಾತ್ರ ಹೆಚ್ಚಾಗಿ ಅಂಕಗಳಿಗಾಗಿ.

ಮಂಗಳೂರು ವಿಶ್ವವಿದ್ಯಾಲಯದಿಂದ ಬೇರ್ಪಟ್ಟು 2023ರಲ್ಲಿ ಆರಂಭವಾದ ಕೊಡಗು ವಿಶ್ವವಿದ್ಯಾಲಯ ಇಂಥ ಪ್ರಯೋಗಕ್ಕೆ ತಕ್ಕ ನೆಲ. ವ್ಯಾಪ್ತಿ ಚಿಕ್ಕದು. ಕೊಡವ, ಅರೆಭಾಷೆ, ತುಳು, ಮಲಯಾಳ, ಎರವ ಮನೆಮಾತಿನವರು ಇರುವ ಜಿಲ್ಲೆ ಇದು.

ತೊಡಕಿರುವುದು ಪುಸ್ತಕದ ಆಯ್ಕೆಯಲ್ಲಿ. 2002ರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ ಕುರ್‌ಆನ್ ಕುರಿತ ಕೃತಿಯನ್ನು ಆರಿಸಿದಾಗ ವಿವಾದ ನ್ಯಾಯಾಲಯದ ಮೆಟ್ಟಿಲೇರಿತ್ತು. ಓದಲೊಲ್ಲದವರು ಕಾರಣ ಬರೆದುಕೊಡಬಹುದೆಂದು ವಿಶ್ವವಿದ್ಯಾಲಯ ಅವಕಾಶ ನೀಡಿತು. ಸಮುದಾಯಗಳ ಸೂಕ್ಷ್ಮ ಬಲ್ಲ ಕೊಡಗಿಗೂ ಈ ಪಾಠ ಅನ್ವಯಿಸುತ್ತದೆ.

1939ರಲ್ಲಿ, 27ರ ಹರೆಯದಲ್ಲೇ ತೀರಿಕೊಂಡ ಕೊಡಗಿನ ಗೌರಮ್ಮನವರ 'ಕಂಬನಿ' ಕಥಾಸಂಕಲನದಿಂದ ಆರಂಭಿಸಬಹುದು. ಕಥೆಗಳು ಚಿಕ್ಕವು, ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಮುದ್ರಣವೂ ದುಬಾರಿಯಲ್ಲ.

2025ರ ಫೆಬ್ರುವರಿಯಲ್ಲಿ ಮುಚ್ಚುವ ಪ್ರಸ್ತಾಪಕ್ಕೆ ಒಳಗಾದ 9 ವಿಶ್ವವಿದ್ಯಾಲಯಗಳಲ್ಲಿ ಕೊಡಗಿನದೂ ಒಂದು. ಅಂದು ಚರ್ಚೆಯಾದದ್ದು ಹಣ ಮತ್ತು ಸೌಕರ್ಯಗಳ ಲೆಕ್ಕ. ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಏಕೆ ಬೇಕು ಎಂಬ ಪ್ರಶ್ನೆಗೆ ಹೆಚ್ಚು ಖರ್ಚಿಲ್ಲದ ಉತ್ತರ ಇಂಥ ಓದಿನಲ್ಲಿದೆ.