ನಗದು ಮಾತ್ರ

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಬೀಡಾ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಂಡಾಗ ಓದಿದವರು ಕೆಲವರು ‘ತೆರಿಗೆಗಳ್ಳರು’ ಎಂದರು. ನಾನು ಒಪ್ಪಲಾರೆ. ವಾಣಿಜ್ಯ ತೆರಿಗೆ ಇಲಾಖೆ ಹಿಂದಿನ ವರ್ಷಗಳ ಯುಪಿಐ ಜಮೆಯನ್ನೆಲ್ಲ ಕೂಡಿಸಿ ನೋಟಿಸು ಕಳಿಸಿತ್ತು. ಸರಕು ಮಾರುವವನ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಸರಿ. ಆದರೆ ಖಾತೆಗೆ ಬಂದದ್ದೆಲ್ಲ ವ್ಯಾಪಾರವೇ? ಭಾವಮೈದುನ ತೀರಿಸಿದ ಕೈಸಾಲವೂ ಅಲ್ಲಿಗೇ ಬರುತ್ತದೆ. ತಾಜಾ ತರಕಾರಿಗಂತೂ ತೆರಿಗೆಯೇ ಇಲ್ಲ. ತರಕಾರಿ ಮಾರುವವನಿಗೂ ನೋಟಿಸು! ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳು ಹೇಳುವಷ್ಟರಲ್ಲಿ ಭಯ ಮನೆಮಾಡಿತ್ತು. ಕಟ್ಟಬೇಕಾದವರು ಕಟ್ಟಲಿ, ಬೇಡವೆನ್ನುವುದಿಲ್ಲ. ಕ್ಯೂಆರ್ ಕೋಡ್ ಅಂಟಿಸಲು ಅಂಗಡಿ ಅಂಗಡಿಗೂ ಹುಡುಗರು ಬಂದರಲ್ಲ, ‘ಕಾಂಪೊಸಿಷನ್ ಪದ್ಧತಿಗೆ ಸೇರಿ, ನೂರು ರೂಪಾಯಿ ವ್ಯಾಪಾರಕ್ಕೆ ಒಂದು ರೂಪಾಯಿ ಕಟ್ಟಿದರಾಯಿತು’ ಎಂದು ಬೇಕರಿಯವನಿಗೆ ಹೇಳಲು ಅಂದು ಯಾರು ಬಂದಿದ್ದರು?